ಶಾಲೆ ಬರಲಿ, ಮಕ್ಕಳು ನಡೆದು ಬರುವ ಜಾಗದಲ್ಲಿ ಬರಲಿ: ಪ್ರಾಧಿಕಾರದ ಆಯುಕ್ತರಿಗೊಂದು ಬಹಿರಂಗ ಪತ್ರ

ನಮ್ಮ ಊರಿನ ಅಭಿವೃದ್ಧಿ ಪ್ರಾಧಿಕಾರದ ಮಾನ್ಯ ಆಯುಕ್ತರಿಗೆ, ಹಾಗೆಯೇ ನಮ್ಮ ಬಡಾವಣೆಯ ಅಕ್ಕಪಕ್ಕದವರಿಗೆ,

ನಮಸ್ಕಾರ. ನಾನು ಮೈಸೂರಿನ ಬೋಗಾದಿ ಕಡೆ, ರಿಂಗ್ ರಸ್ತೆ ದಾಟಿದ ಮೇಲೆ ಸಿಗುವ ಒಂದು ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೂವತ್ತು ನಲವತ್ತರ ಸೈಟು, ಮುಂದೆ ಒಂದು ಹೊಂಗೆ ಮರ, ಮೂರನೇ ತರಗತಿಯಲ್ಲಿ ಓದುವ ಮಗಳು. ಮನೆಯ ಎದುರಿಗೆ ಎರಡು ಎಕರೆ ಹತ್ತು ಗುಂಟೆ ಖಾಲಿ ಜಾಗ. ಈ ಪತ್ರ ಆ ಜಾಗದ ಬಗ್ಗೆ.

ಕಳೆದ ವಾರ ಪತ್ರಿಕೆಯ ಒಳಪುಟದಲ್ಲಿ ಒಂದು ಪ್ರಕಟಣೆ ಬಂತು. ಈ ಜಾಗವನ್ನು ವಸತಿಯಿಂದ ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಉಪಯೋಗಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸಬಹುದು ಅಂತ. ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಇತ್ತು. ಶಾಲೆ ಅನ್ನುವ ಮಾತು ಕೊನೆಯ ಸಾಲಿನಲ್ಲಿತ್ತು. ಹಾಲು ತರಲು ಹೋದ ಪಕ್ಕದ ಮನೆಯ ಯಜಮಾನರು ಬೂತ್ ಹತ್ತಿರ ನಿಂತು ಓದಿ, ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಸಂಜೆ ಹೊತ್ತಿಗೆ ಪಾರ್ಕಿನಲ್ಲಿ ಅರವತ್ತು ಜನ ಸೇರಿದ್ದರು.

ಅವತ್ತು ಪಾರ್ಕಿನಲ್ಲಿ ನಾನು ಮಾತಾಡಲಿಲ್ಲ. ಒಂದು ಕಡೆಯವರು ಶಾಲೆ ಬರಲೇಬೇಕು ಅಂದರು. ಇನ್ನೊಂದು ಕಡೆಯವರು ಬರಲೇಕೂಡದು ಅಂದರು. ಎರಡೂ ಕಡೆ ನನಗೆ ಬೇಕಾದವರೇ ಇದ್ದರು. ಮನೆಗೆ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಯಾವ ಶಾಲೆ, ಯಾರ ಮಕ್ಕಳಿಗೆ, ಯಾವ ರಸ್ತೆಯಲ್ಲಿ ಅಂತ ಯಾರೂ ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಟೇಪು ಹಿಡಿದು ರಸ್ತೆಗಿಳಿದೆ. ಎದುರು ಮನೆಯ ಪಿಯುಸಿ ಹುಡುಗ ಟೇಪಿನ ಇನ್ನೊಂದು ತುದಿ ಹಿಡಿದ. ನಕ್ಷೆಯಲ್ಲಿ ನಮ್ಮದು ಮೂವತ್ತು ಅಡಿ ರಸ್ತೆ. ಈ ಮೋರಿಯಿಂದ ಆ ಮೋರಿಗೆ ಹಿಡಿದರೆ ಇಪ್ಪತ್ತನಾಲ್ಕು ಅಡಿ ಬಂತು. ಡಾಂಬರು ಇರೋದು ಹದಿನೆಂಟು ಅಡಿ. ಆ ಹದಿನೆಂಟು ಅಡಿಯಲ್ಲಿ ಒಂದು ಪಕ್ಕಕ್ಕೆ ಕಾರುಗಳು ನಿಂತಿರುತ್ತವೆ. ನಮ್ಮ ಕಾರೂ ಅಲ್ಲೇ ನಿಲ್ಲುತ್ತದೆ, ಮುಚ್ಚಿಡುವುದು ಏನಿಲ್ಲ. ನಿಂತ ಕಾರಿನ ಕನ್ನಡಿಯಿಂದ ಆಚೆ ಅಂಚಿಗೆ ಅಳೆದಾಗ ಉಳಿದದ್ದು ಹನ್ನೊಂದು ಅಡಿ.

ಬಸ್ಸಿನ ಅಗಲ ಎಷ್ಟಿರಬಹುದು ಅಂತ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಗರಿಷ್ಠ 2.6 ಮೀಟರ್, ಅಂದರೆ ಎಂಟೂವರೆ ಅಡಿ. ಹನ್ನೊಂದರಲ್ಲಿ ಎಂಟೂವರೆ ಹೋದರೆ ಎರಡೂವರೆ ಅಡಿ ಉಳಿಯಿತು. ಆ ಎರಡೂವರೆ ಅಡಿಯಲ್ಲಿ ಸೈಕಲ್ ಹುಡುಗ, ಹೂವಿನ ಗಾಡಿ, ವಾಕರ್ ಹಿಡಿದು ನಡೆಯುವ ಮೂಲೆ ಮನೆಯ ಅಜ್ಜಿ, ಎಲ್ಲರೂ ಹೋಗಬೇಕು. ಎದುರಿನಿಂದ ಇನ್ನೊಂದು ಬಸ್ಸು ಬಂದರೆ ಅದೂ ಇಲ್ಲ. ನಾವು ಅಳೆಯುತ್ತಿರುವಾಗಲೇ ನೀರಿನ ಟ್ಯಾಂಕರ್ ಬಂತು. ಹುಡುಗ ಟೇಪು ಬಿಟ್ಟು ಮೋರಿ ಕಲ್ಲಿನ ಮೇಲೆ ಹತ್ತಿ ನಿಂತ. ನಾನು ಯಾರದೋ ಗೇಟಿನೊಳಗೆ ಸರಿದೆ.

ಆಯುಕ್ತರೇ, ಅರ್ಜಿಯ ಜೊತೆ ಲಗತ್ತಿಸಿರುವ ನಕ್ಷೆಯನ್ನು ನಾನು ನೋಡಿದ್ದೇನೆ. ಶಾಲೆಗೆ ಇರುವ ಒಂದೇ ಗೇಟು ಈ ರಸ್ತೆಗೆ ತೆರೆಯುತ್ತದೆ. ಆ ಜಾಗಕ್ಕೆ ಬೇರೆ ರಸ್ತೆಯೇ ಇಲ್ಲ. ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ, ಊರಿನ ಎಲ್ಲ ಕಡೆಯಿಂದ ಬಸ್ಸಿನಲ್ಲಿ ಮಕ್ಕಳನ್ನು ಕರೆತರುವ ಯೋಜನೆ ಅಂತ ಅರ್ಜಿದಾರರ ಕಡೆಯವರೇ ಪಾರ್ಕಿನಲ್ಲಿ ಹೇಳಿದರು. ಅವರನ್ನು ನಾನು ದೂರುತ್ತಿಲ್ಲ. ಜಾಗ ಸಿಕ್ಕ ಕಡೆ ಶಾಲೆ ಕಟ್ಟಲು ನೋಡುತ್ತಾರೆ. ಜಾಗ ಸರಿಯೋ ಇಲ್ಲವೋ ಅಂತ ನೋಡಬೇಕಾದವರು ನೀವು, ನಾವು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪಾರ್ಕಿನಲ್ಲಿ ತುಂಬಾ ಜನ, 'ಆಗಲೇ ಕನ್ವರ್ಷನ್ ಆಗಿದೆಯಂತೆ, ಇನ್ನೇನು ಮಾಡೋಕಾಗುತ್ತೆ' ಅಂತ ಕೈಚೆಲ್ಲಿದರು. ಕನ್ವರ್ಷನ್ ಅನ್ನೋದು ಬೇರೆ. ಹೊಲವನ್ನು ಕೃಷಿಯೇತರ ಉಪಯೋಗಕ್ಕೆ ತರಲು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಕೊಡುವ ಅನುಮತಿ ಅದು. ಈ ಜಾಗಕ್ಕೆ ಅದು ಎಂದೋ ಆಗಿದೆ. ಈಗ ಕೇಳುತ್ತಿರುವುದು ಮಾಸ್ಟರ್ ಪ್ಲ್ಯಾನಿನಲ್ಲಿ, ಅಂದರೆ ಯಾವ ಜಾಗ ಯಾವುದಕ್ಕೆ ಅಂತ ಗುರುತಿಸುವ ಊರಿನ ಯೋಜನೆಯಲ್ಲಿ, ಇರುವ ಬಳಕೆಯನ್ನೇ ಬದಲಾಯಿಸಿ ಅಂತ. ಮೈಸೂರು-ನಂಜನಗೂಡು ಯೋಜನಾ ಪ್ರದೇಶಕ್ಕೆ 2031ರ ಮಾಸ್ಟರ್ ಪ್ಲ್ಯಾನ್ ಇದೆ. ಅದರ ನಕ್ಷೆಯಲ್ಲಿ ನಮ್ಮ ಮನೆಗಳ ಜೊತೆ ಈ ಜಾಗವೂ ಹಳದಿ ಬಣ್ಣದಲ್ಲಿದೆ, ಅಂದರೆ ವಸತಿ. ಇದನ್ನು ಬದಲಾಯಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ದಾರಿ ಕೊಡುತ್ತದೆ. ದಾರಿ ಸುಮ್ನೆ ಕೊಟ್ಟಿಲ್ಲ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಬೇರೆ ಯಾವ ಕಾನೂನಿಗೂ ವಿರುದ್ಧ ಇರಬಾರದು. ಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಸರ್ಕಾರದ ಒಪ್ಪಿಗೆ ಮೊದಲೇ ಪಡೆಯಬೇಕು.

ಹಾಗಾಗಿ ನೆರೆಯವರೇ, ಏನೂ ಮುಗಿದಿಲ್ಲ. ಕೇಳುವ ಹಕ್ಕು ನಮಗೆ ಕಾಗದದಲ್ಲೇ ಇದೆ.

ಸಾರ್ವಜನಿಕ ಹಿತ ಅನ್ನುವ ಮಾತಿನ ಹತ್ತಿರ ನಾನು ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ. ಶಾಲೆ ಅಂದ ತಕ್ಷಣ ಸಾರ್ವಜನಿಕ ಹಿತ ಅಂತ ನಾವೆಲ್ಲ ತಲೆಯಾಡಿಸುತ್ತೇವೆ. ಶಾಲೆಗೆ ಯಾರು ಬೇಡ ಅಂತಾರೆ? ಈ ಊರಿನ ಚರಿತ್ರೆಯೇ ಹಾಗಿದೆ. ಪ್ಲೇಗಿನ ಹೊಡೆತ ತಿಂದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು. ಮೈಸೂರು ಸಂಸ್ಥಾನ 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿತು. ಹಳೆಯ ಬಡಾವಣೆಗಳಲ್ಲಿ ಬೆಳೆದ ನಮ್ಮ ತಂದೆ ತಾಯಿ ಶಾಲೆಗೆ ನಡೆದು ಹೋದವರು. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಮತ್ತೆ ಓಡುತ್ತಿದ್ದೆವು ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ಆ ಶಾಲೆಗಳು ಬಡಾವಣೆಗೆ ಭಾರ ಆಗಲಿಲ್ಲ, ಯಾಕೆಂದರೆ ಅಲ್ಲಿಗೆ ಬರುತ್ತಿದ್ದವರು ಆ ಬೀದಿಗಳ ಮಕ್ಕಳೇ.

ಈಗ ನಮ್ಮ ಬೀದಿ ನೋಡಿ. ನಮ್ಮ ಒಂದೇ ಅಡ್ಡರಸ್ತೆಯಿಂದ ದಿನಾ ಹದಿಮೂರು ಮಕ್ಕಳು ಎಂಟು ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಾರೆ. ನನ್ನ ಮಗಳ ವ್ಯಾನು ಏಳು ಇಪ್ಪತ್ತಕ್ಕೆ. ಶಾಲೆ ಊರಿನ ಇನ್ನೊಂದು ತುದಿಯಲ್ಲಿ. ಆರೂವರೆಗೆ ಎಬ್ಬಿಸಿದರೆ ಕಣ್ಣು ಮುಚ್ಚಿಕೊಂಡೇ ಹಲ್ಲುಜ್ಜುತ್ತಾಳೆ. ದೋಸೆ ಅರ್ಧ ತಟ್ಟೆಯಲ್ಲಿ, ಅರ್ಧ ಕೈಯಲ್ಲಿ. ಸಂಜೆ ವ್ಯಾನಿನಿಂದ ಇಳಿಯುವಾಗ ಅವಳ ಕೆನ್ನೆಯ ಮೇಲೆ ಸೀಟಿನ ರೆಕ್ಸಿನ್ ಗುರುತು ಬಿದ್ದಿರುತ್ತದೆ, ಅಷ್ಟು ಹೊತ್ತು ಅದಕ್ಕೆ ಒರಗಿ ನಿದ್ದೆ ಮಾಡಿರುತ್ತಾಳೆ. ಹಾಗಾಗಿ ಹತ್ತಿರದಲ್ಲಿ ಶಾಲೆ ಬೇಕು ಅನ್ನುವವರ ಕಷ್ಟ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಎದುರಿನ ಜಾಗದಲ್ಲಿ ಬರಲಿರುವ ಶಾಲೆ ಈ ಕಷ್ಟ ಕಳೆಯುವುದಿಲ್ಲ. ನಮ್ಮ ಮಕ್ಕಳು ಬೇರೆ ಕಡೆಗೆ ಹೋಗುವುದು ಹೇಗೋ ಹಾಗೆಯೇ ನಡೆಯುತ್ತದೆ. ಬೇರೆ ಕಡೆಯ ಮಕ್ಕಳು ಅದೇ ರೀತಿ ನಿದ್ದೆಗಣ್ಣಿನಲ್ಲಿ ಇಲ್ಲಿಗೆ ಬರುತ್ತಾರೆ. ವಸತಿ ಜಾಗದ ಬೆಲೆ ಕೊಟ್ಟು ಕಟ್ಟಿದ ಶಾಲೆ ಆ ದುಡ್ಡನ್ನು ಫೀಸಿನಲ್ಲಿ ತೆಗೆಯಲೇಬೇಕು. ಅಷ್ಟು ಫೀಸು ಕೊಡುವವರು ಒಂದು ಕಿಲೋಮೀಟರ್ ಒಳಗೆ ಸಾಲುವಷ್ಟು ಸಿಗುವುದಿಲ್ಲ. ಅದಕ್ಕೇ ಬಸ್ಸು. ಬಸ್ಸಿಗೇ ಆ ಹನ್ನೊಂದು ಅಡಿ. ಪಾರ್ಕಿನಲ್ಲಿ ಟ್ರಾಫಿಕ್ ಬಗ್ಗೆ ಜಗಳ ಆಡಿದವರು, ಫೀಸಿನ ಬಗ್ಗೆ ಜಗಳ ಆಡಿದವರು, ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದರು ಅಂತ ನನಗೆ ರಸ್ತೆ ಅಳೆದ ಮೇಲೆ ಗೊತ್ತಾಯಿತು. ಮಕ್ಕಳು ನಡೆದು ಬರುವ ಶಾಲೆಯಾದರೆ ಮೂವತ್ತು ಅಡಿ ರಸ್ತೆಯೂ ಸಾಕು. ಬಸ್ಸಿನಲ್ಲಿ ಬರುವ ಶಾಲೆಗೆ ನಮ್ಮ ರಸ್ತೆ ಯಾವತ್ತೂ ಸಾಲದು.

ನಡೆದು ಬರುವ ಮಕ್ಕಳು ಯಾರು? ನಮ್ಮ ಬಡಾವಣೆ ಎದ್ದಿರುವುದು ಒಂದು ಹಳ್ಳಿಯ ಹೊಲಗಳ ಮೇಲೆ. ಹಳ್ಳಿ ಇನ್ನೂ ಇದೆ, ಕೊನೆಯ ಅಡ್ಡರಸ್ತೆ ಮುಗಿದ ಮೇಲೆ ಮಾರಿಗುಡಿ, ಅದರ ಪಕ್ಕ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಐದನೇ ತರಗತಿವರೆಗೆ ಮಾತ್ರ. ಆರಕ್ಕೆ ಹೋಗಬೇಕಾದರೆ ರಿಂಗ್ ರಸ್ತೆಯ ಆಚೆಗೆ. ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ತಾಯಿಯ ಮಗ ಈ ವರ್ಷ ಆರನೇ ತರಗತಿ. ಅವಳು ಪಾತ್ರೆ ಅರ್ಧಕ್ಕೆ ಬಿಟ್ಟು ಒಂಬತ್ತು ಗಂಟೆಗೆ ಹೊರಡುತ್ತಾಳೆ, ಅವನಿಗೆ ರಸ್ತೆ ದಾಟಿಸಿ ಬರಲು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಲಾರಿಗಳು ಬರುತ್ತಲೇ ಇದ್ದವು. ಹುಡುಗ ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ. ಹನ್ನೊಂದು ವರ್ಷದ ಹುಡುಗ, ಬೇರೆ ಕಡೆ ಆಗಿದ್ದರೆ ನಾಚಿಕೆಪಟ್ಟು ಕೈ ಕೊಸರಿಕೊಳ್ಳುವ ವಯಸ್ಸು. ಮಧ್ಯದ ಡಿವೈಡರ್ ಮೇಲೆ ಇಬ್ಬರೂ ಇನ್ನೊಮ್ಮೆ ನಿಂತರು. ಆಚೆ ದಡ ಮುಟ್ಟಿದ ಮೇಲೆ ಸೆರಗು ಬಿಟ್ಟು ಓಡಿದ.

2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಅಂತಲೇ ಹೇಳುತ್ತದೆ. ಅದರ 6ನೇ ಕಲಂ ಪ್ರಕಾರ ಅಂಥ ಶಾಲೆ ಇಲ್ಲದ ಕಡೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆ ಮೂರು ವರ್ಷದೊಳಗೆ ಕಟ್ಟಬೇಕಿತ್ತು. ಕಾಯ್ದೆ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಕೇಂದ್ರದ ನಿಯಮಗಳಲ್ಲಿ ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಅಂತ ದೂರ ಇಟ್ಟಿದ್ದಾರೆ. ಅಳತೆಗೆ ನೋಡಿದರೆ ಆ ಹುಡುಗನ ಶಾಲೆ ಮೂರು ಕಿಲೋಮೀಟರ್ ಒಳಗೇ ಇದೆ. ಕಾಗದದ ಅಳತೆಗೆ ರಿಂಗ್ ರಸ್ತೆ ಕಾಣುವುದಿಲ್ಲ.

ಇದೇ ಕಾಯ್ದೆಯಲ್ಲಿ ಖಾಸಗಿ ಶಾಲೆಗಳು ಶೇ 25 ಸೀಟು ಬಡ ಮಕ್ಕಳಿಗೆ ಕೊಡಬೇಕು ಅಂತ ಇದೆಯಲ್ಲ, ಹೊಸ ಶಾಲೆಯಲ್ಲಿ ಅವರಿಗೂ ಜಾಗ ಸಿಗುತ್ತದೆ ಅಂತ ಪಾರ್ಕಿನಲ್ಲಿ ಒಬ್ಬರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಮ್ಮ ರಾಜ್ಯದಲ್ಲಿ 2019ರಿಂದ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ ಆಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲ ಅಂತ ನಿಯಮ ಬದಲಾಯಿತು. ಆ ಹುಡುಗ ಎದುರಿನ ಶಾಲೆಯ ಕಾಂಪೌಂಡ್ ಪಕ್ಕದಲ್ಲೇ ನಡೆದು, ರಿಂಗ್ ರಸ್ತೆ ದಾಟಲು ಹೋಗಬೇಕಾಗುತ್ತದೆ.

ಈಗ ನಮ್ಮ ಬಡಾವಣೆಯ ಸಿಎ ಸೈಟಿನ, ಅಂದರೆ ನಾಗರಿಕ ಸೌಲಭ್ಯಕ್ಕೆ ಎತ್ತಿಟ್ಟ ಜಾಗದ, ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಅರವತ್ತು ಅಡಿ ರಸ್ತೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಒಂದು ಎಕರೆ ಇಪ್ಪತ್ತು ಗುಂಟೆ ಜಾಗ ನಾಗರಿಕ ಸೌಲಭ್ಯಕ್ಕೆ ಅಂತ ಬಡಾವಣೆಯ ನಕ್ಷೆಯಲ್ಲೇ ಇದೆ. ನಮ್ಮ ಮನೆಯಿಂದ ನಾನೂರು ಹೆಜ್ಜೆ, ಹಳ್ಳಿಯ ಮಾರಿಗುಡಿಯಿಂದ ಇನ್ನೂ ಹತ್ತಿರ. ನಾವು ಮನೆ ಕಟ್ಟುವಾಗಿನಿಂದ ಅದು ಹಾಗೇ ಬಿದ್ದಿದೆ. ಆಳೆತ್ತರ ಪಾರ್ಥೇನಿಯಂ. ಯಾರದೋ ಮನೆ ಒಡೆದ ಇಟ್ಟಿಗೆ ರಾಶಿ. ತಂತಿ ಬೇಲಿ ಎರಡು ಕಡೆ ಮಲಗಿದೆ. 'ಈ ಸ್ವತ್ತು ಪ್ರಾಧಿಕಾರಕ್ಕೆ ಸೇರಿದ್ದು' ಅನ್ನುವ ಬೋರ್ಡಿನಲ್ಲಿ 'ಈ ಸ್ವತ್ತು' ಮಾತ್ರ ಉಳಿದಿದೆ.

ನಾಗರಿಕ ಸೌಲಭ್ಯ ಅಂದರೆ ಏನು ಅಂತ ಕಾನೂನು ಪಟ್ಟಿ ಮಾಡುವಾಗ ಅಂಚೆ ಕಚೇರಿ, ನ್ಯಾಯಬೆಲೆ ಅಂಗಡಿ, ಹಾಲಿನ ಬೂತ್, ಆಸ್ಪತ್ರೆ, ಗ್ರಂಥಾಲಯದ ಜೊತೆ ಶಾಲೆಯನ್ನೂ ಸೇರಿಸಿದೆ. ಅಂದರೆ ಅಲ್ಲಿ ಶಾಲೆ ಕಟ್ಟಲು ಭೂ ಉಪಯೋಗ ಬದಲಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಬಡಾವಣೆ ಮಾಡಿದ ದಿನವೇ ಆ ಜಾಗ ಎತ್ತಿಟ್ಟದ್ದು. ಸೈಟು ಕೊಳ್ಳುವಾಗ ನಾವೆಲ್ಲ ಕೊಟ್ಟ ದುಡ್ಡಿನಲ್ಲಿ ಅದರ ಪಾಲೂ ಸೇರಿತ್ತು ಅಲ್ವಾ?

ಇನ್ನೊಂದು ಮಾತಿದೆ, ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಖಾಸಗಿ ಜಾಗದ ಬಳಕೆ ಒಮ್ಮೆ ಬದಲಾಯಿಸಿ ಕೊಟ್ಟ ಮೇಲೆ ಆ ಶಾಲೆ ಯಾರನ್ನು ಸೇರಿಸಿಕೊಳ್ಳಬೇಕು ಅಂತ ನೀವು ಹೇಳುವುದು ಕಷ್ಟ. ಸಿಎ ಸೈಟು ಹಾಗಲ್ಲ. ಅದನ್ನು ಗುತ್ತಿಗೆಗೆ ಕೊಡುತ್ತೀರಿ. ಜಾಗ ನಿಮ್ಮ ಹೆಸರಿನಲ್ಲೇ, ಅಂದರೆ ನಮ್ಮೆಲ್ಲರ ಹೆಸರಿನಲ್ಲೇ ಉಳಿಯುತ್ತದೆ. ಗುತ್ತಿಗೆ ಪತ್ರದಲ್ಲಿ ಷರತ್ತು ಬರೆಯಬಹುದು. ಒಂದು ಕಿಲೋಮೀಟರ್ ಒಳಗಿನ ಮಕ್ಕಳಿಗೆ ಮೊದಲ ಸೀಟು ಅಂತ ಬರೆಯಿರಿ.

ನನ್ನನ್ನು ಕೇಳಿದರೆ ಆ ಜಾಗ ಶಿಕ್ಷಣ ಇಲಾಖೆಗೇ ಹೋಗಬೇಕು. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಹಿರಿಯ ಪ್ರಾಥಮಿಕ ಮಾಡಿ, ಆರು, ಏಳು, ಎಂಟನೇ ತರಗತಿಗಳನ್ನು ಅಲ್ಲಿ ಕಟ್ಟಲಿ. ಆಟದ ಬಯಲು, ಹುಡುಗಿಯರಿಗೆ ಬೇರೆ ಶೌಚಾಲಯ, ಬಿಸಿಯೂಟದ ಅಡುಗೆಮನೆ, ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಹೇಳಿರುವುದೆಲ್ಲ ಒಂದೂವರೆ ಎಕರೆಯಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಹಾಗೆ ಆದರೆ ನನ್ನ ಮಗಳನ್ನೂ ಅಲ್ಲಿಗೇ ಸೇರಿಸುತ್ತೇನೆ. ಇದನ್ನು ಮನೆಯಲ್ಲಿ ಕೂತು ಮಾತಾಡಿ, ಒಪ್ಪಿಕೊಂಡೇ ಬರೆಯುತ್ತಿದ್ದೇನೆ.

ನೆರೆಯವರಿಗೆ ಒಂದೆರಡು ಮಾತು.

ಅವತ್ತು ಪಾರ್ಕಿನಲ್ಲಿ, 'ಸರ್ಕಾರಿ ಶಾಲೆ ಬಂದರೆ ಸೈಟಿನ ರೇಟು ಬೀಳುತ್ತೆ, ಹಳ್ಳಿ ಹುಡುಗರು ಬಂದು ಸೇರ್ಕೋತಾರೆ' ಅಂತ ಹಿಂದಿನಿಂದ ಒಂದು ದನಿ ಬಂತು. ಕೆಲವರು ನಕ್ಕರು. ನನಗೆ ನೋವಾಯಿತು, ಈಗಲೂ ಆ ನೋವು ಹೋಗಿಲ್ಲ. ಆ ಹಳ್ಳಿಯವರ ರಾಗಿ ಹೊಲದ ಮೇಲೆ ನಾವು ಮನೆ ಕಟ್ಟಿದ್ದೇವೆ. ನಮ್ಮ ಪಾತ್ರೆ ತೊಳೆಯುವವರು, ನಮ್ಮ ಗೋಡೆಗೆ ಬಣ್ಣ ಹೊಡೆದವರು, ನಮ್ಮ ಮನೆಗೆ ಹಾಲು ಹಾಕುವವರು ಅವರೇ. ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕ ಕೂತರೆ ನಾವು ಕಳೆದುಕೊಳ್ಳುವುದು ಏನು? ದಯವಿಟ್ಟು ಈ ಮಾತನ್ನು ಆಕ್ಷೇಪಣೆ ಪತ್ರದಲ್ಲಿ ಬರೆಯಬೇಡಿ. ಬರೆದರೆ ನಮ್ಮ ರಸ್ತೆಯ ಅಳತೆಗೂ ಬೆಲೆ ಇರುವುದಿಲ್ಲ.

ಇನ್ನೊಬ್ಬರು, ಶಾಲೆಗೆ ಆಟದ ಮೈದಾನ ಸಾಲದಿದ್ದರೆ ಪಕ್ಕದ ಪಾರ್ಕನ್ನೇ ಬಿಟ್ಟುಕೊಡೋಣ, ಸಂಜೆ ನಾವು ಬಳಸೋಣ ಅಂದರು. ಇದಕ್ಕೆ ಮಾತ್ರ ಯಾರೂ ಒಪ್ಪಬೇಡಿ. ಪಾರ್ಕಿನ ಜಾಗವನ್ನು ಒಮ್ಮೆ ಕೈಯಿಂದ ಬಿಟ್ಟರೆ ಬರುವುದಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಪಾರ್ಕು ಪಾರ್ಕಾಗಿಯೇ ಉಳಿಯಬೇಕು ಅಂತ ಅದರ ಸಾರ. ಬಡಾವಣೆಯಲ್ಲಿ ವಾಸ ಮಾಡುವವರಿಗೆ ಇದನ್ನು ಪ್ರಶ್ನಿಸುವ ಅಧಿಕಾರ ಇದೆ ಅಂತಲೂ ಒಪ್ಪಿತು. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು 1985ರ ಕಾಯ್ದೆಯೂ ಇದೆ.

ಶಬ್ದದ ಬಗ್ಗೆ ಹೇಳಿದವರಿಗೆ ನನ್ನ ಉತ್ತರ ಚಿಕ್ಕದು. ಮಕ್ಕಳ ಗಲಾಟೆಗೆ ನನ್ನ ಆಕ್ಷೇಪಣೆ ಇಲ್ಲ. ಬಸ್ಸಿನ ಹಾರನ್ನಿಗೆ ಇದೆ.

ಬಡಾವಣೆ ಮಧ್ಯದ ಇಕ್ಕಟ್ಟಿನ ಶಾಲೆ ಅಂದಾಗ ನನ್ನನ್ನು ಕಾಡುವ ಇನ್ನೊಂದು ವಿಷಯ ಹೇಳಿಯೇ ಬಿಡುತ್ತೇನೆ. 2004ರಲ್ಲಿ ಕುಂಭಕೋಣಂನ ಶಾಲೆಯಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು ಅಂತ ಹೇಳಿತು. ಆ ಹನ್ನೊಂದು ಅಡಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ಬಸ್ಸುಗಳು ಸಾಲು ನಿಂತಿದ್ದಾಗ ಅಗ್ನಿಶಾಮಕ ವಾಹನ ಎಲ್ಲಿಂದ ಬರಬೇಕು? ಇದು ನನ್ನ ಮನೆಗಿಂತ ಆ ಮಕ್ಕಳ ಪ್ರಶ್ನೆ.

ಆಯುಕ್ತರೇ, ನನ್ನ ಆಕ್ಷೇಪಣೆಯನ್ನು ಲಿಖಿತವಾಗಿ ಬೇರೆ ಸಲ್ಲಿಸುತ್ತಿದ್ದೇನೆ, ರಸ್ತೆಯ ಅಳತೆ ಮತ್ತು ಫೋಟೋ ಸಮೇತ. ನಾನು ಕೇಳುವುದು ಇದು. ಈ ಎರಡು ಎಕರೆ ಹತ್ತು ಗುಂಟೆಯ ಬಳಕೆ ಬದಲಾಯಿಸಬೇಡಿ, ಅಲ್ಲಿ ಮನೆಗಳೇ ಬರಲಿ. ಸಿಎ ಸೈಟಿನ ಕಡತ ತೆಗೆಯಿರಿ. ಅದನ್ನು ಶಾಲೆಗೆ ಕೊಡುವ ಬಗ್ಗೆ ಶಿಕ್ಷಣ ಇಲಾಖೆಗೆ ನೀವೇ ಮೊದಲು ಪತ್ರ ಬರೆಯಿರಿ. ಅವರು ಆಗುವುದಿಲ್ಲ ಅಂದರೆ, ಇದೇ ಅರ್ಜಿದಾರರನ್ನೂ ಸೇರಿಸಿ ಎಲ್ಲರಿಂದ ಅರ್ಜಿ ಕರೆಯಿರಿ. ಆಗ ಗುತ್ತಿಗೆಯಲ್ಲಿ ಒಂದು ಕಿಲೋಮೀಟರಿನ ಷರತ್ತು ಇರಲಿ, ಹಳ್ಳಿಯ ಮಕ್ಕಳಿಗೆ ಕೈಗೆಟುಕುವ ಫೀಸಿನ ಷರತ್ತು ಇರಲಿ, ಬಸ್ಸು ಬರುವುದೇ ಆದರೆ ಕಾಂಪೌಂಡ್ ಒಳಗೇ ನಿಲ್ಲಲಿ. ಆಕ್ಷೇಪಣೆಗಳ ವಿಚಾರಣೆಯನ್ನು ಸಂಜೆ ಹೊತ್ತು, ಹಳ್ಳಿಯ ಶಾಲೆಯ ಅಂಗಳದಲ್ಲಿ ಇಡಿ. ಹಗಲು ಕಚೇರಿಗೆ ಬರಬೇಕು ಅಂದರೆ ನಾನು ರಜೆ ಹಾಕಿ ಬರಬಲ್ಲೆ. ಆ ಹುಡುಗನ ಅಮ್ಮನಿಗೆ ಅರ್ಧ ದಿನದ ಸಂಬಳ ಹೋಗುತ್ತದೆ.

ತೀರ್ಮಾನ ಮಾಡುವ ಮುಂಚೆ ಒಮ್ಮೆ ಸ್ಥಳಕ್ಕೆ ಬನ್ನಿ. ಭಾನುವಾರ ಬೇಡ, ಅವತ್ತು ನಮ್ಮ ರಸ್ತೆ ಅಗಲವಾಗಿ ಕಾಣುತ್ತದೆ. ಶಾಲೆ ಇರುವ ದಿನ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಬನ್ನಿ, ಹೊಂಗೆ ಮರದ ಕೆಳಗೆ ನಾನು ಟೇಪು ಹಿಡಿದು ನಿಂತಿರುತ್ತೇನೆ. ಅಲ್ಲಿಂದ ಸಿಎ ಸೈಟಿಗೆ ನಾನೂರು ಹೆಜ್ಜೆ, ನಡೆದೇ ಹೋಗೋಣ. ಒಂಬತ್ತು ಗಂಟೆಗೆ ಅವಳು ಮಗನ ಕೈ ಹಿಡಿದು ರಿಂಗ್ ರಸ್ತೆಯ ಕಡೆ ಹೊರಡುತ್ತಾಳೆ. ಅಲ್ಲಿಯವರೆಗೂ ದಯವಿಟ್ಟು ಇರಿ.

ಇಂತಿ,
ಮೂರನೇ ಅಡ್ಡರಸ್ತೆಯ ಒಬ್ಬ ನಿವಾಸಿ, ಮೂರನೇ ತರಗತಿ ಹುಡುಗಿಯ ತಾಯಿ
ಮೈಸೂರು